ಓದುಗರ ಪ್ರಶ್ನೆ: ಲೆಗೊ ಡಬ್ಬದಲ್ಲಿರೋ ಲೆಕ್ಕ

ಆಟದ ಇಟ್ಟಿಗೆ ಇಟ್ಕೊಂಡು ಮಕ್ಕಳಿಗೆ ಗಣಿತ, ಭೌತಶಾಸ್ತ್ರ ಹೇಳ್ಕೊಡೋದ್ರ ಬಗ್ಗೆ ಏನಾದ್ರೂ ಕೇಳೋದಿದ್ರೆ ಕಳ್ಸಿ ಅಂದಿದ್ವಿ. ಬಂದಿರೋ ಪತ್ರ ನೋಡಿದ್ರೆ ಎಲ್ಲರ ಮನೆ ಸೋಫಾ ಕೆಳಗೂ ಒಂದೆರಡು ಲೆಗೊ ಪೀಸ್ ಬಿದ್ದಿರೋ ಹಾಗಿದೆ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಮಾಡಿ ಉತ್ತರ ಬರ್ದಿದೀನಿ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಸೆಟ್ ತಂದ ದಿನವೇ ಜೊತೆಗೆ ಬಂದ ಪುಸ್ತಕ ನೋಡ್ಕೊಂಡು ಕಟ್ಟಿ ಮುಗಿಸ್ತಾನೆ, ಆಮೇಲೆ ಶೋಕೇಸಲ್ಲಿಟ್ಟು ಯಾರಿಗೂ ಮುಟ್ಟೋಕೆ ಬಿಡಲ್ಲ. ಇದ್ರಿಂದ ಗಣಿತ ಬರುತ್ತೆ ಅಂತಾರಲ್ಲ, ಎಲ್ಲಿಂದ ಬರುತ್ತೆ?
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಪುಸ್ತಕ ನೋಡಿ ಕಟ್ಟಿದ್ರೆ ಬರಲ್ಲ, ನೇರವಾಗೇ ಹೇಳ್ಬಿಡ್ತೀನಿ. ತಾಳ್ಮೆ ಬರುತ್ತೆ, ಚಪ್ಪಟೆ ಚಿತ್ರ ನೋಡಿ ಉಬ್ಬಿದ ವಸ್ತು ಊಹಿಸ್ಕೊಳೋದು ಬರುತ್ತೆ, ಅದೇನೂ ಸಣ್ಣದಲ್ಲ, ಆದ್ರೆ ಲೆಕ್ಕ ಶುರುವಾಗೋದು ಕೈಗೆ ಸ್ಕೇಲ್ ಬಂದಾಗ. ಶೋಕೇಸಲ್ಲಿರೋದನ್ನ ಬಿಚ್ಚಿಸ್ಬೇಡಿ ಪಾಪ, ಡಬ್ಬದಲ್ಲಿ ಉಳಿದಿರೋ ಪೀಸ್ ಸಾಕು.

ಒಂದು ಇಟ್ಟಿಗೆ ಎತ್ತರ ಎಷ್ಟು ಅಂತ ಕೇಳಿ. ಶಾಲೆ ಸ್ಕೇಲಲ್ಲಿ ಸರಿಯಾಗಿ ಅಳೆಯಕ್ಕಾಗಲ್ಲ, ಒಂಬತ್ತೂವರೆ ಅಂತಾನೆ, ಹತ್ತು ಅಂತಾನೆ. ಸರಿ, ಹತ್ತು ಇಟ್ಟಿಗೆ ಒಂದರ ಮೇಲೊಂದು ಕೂರಿಸಿ ಅಳೆದು ಹತ್ತರಿಂದ ಭಾಗಿಸು ಅನ್ನಿ. ಮೇಲಿರೋ ಗುಂಡು ಬಟನ್ನೂ ಸೇರಿಸಿ (ಅದನ್ನ ಸ್ಟಡ್ ಅಂತಾರೆ) 97-98 ಮಿ.ಮೀ. ಹತ್ರ ಬರುತ್ತೆ, ಅಂದ್ರೆ ಒಂದಕ್ಕೆ ಸುಮಾರು 9.8. ಈಗ ಐದೇ ಇಟ್ಟಿಗೆಯ ಗೋಪುರ ಅಳೀಲಿ, 50ರ ಹತ್ರ ಬರುತ್ತೆ, ಭಾಗಿಸಿದ್ರೆ ಒಂದಕ್ಕೆ ಸುಮಾರು 10. ಅದೇ ಇಟ್ಟಿಗೆ, ಎರಡು ಉತ್ತರ! ಇಲ್ಲಿ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ, ಹೇಳ್ಕೊಡ್ಬೇಡಿ. ತಲೆ ಕೆರ್ಕೊಂಡು ಸ್ವಲ್ಪ ಹೊತ್ತಾದ್ಮೇಲೆ ಅವನಿಗೇ ಹೊಳೆಯುತ್ತೆ, ಗೋಪುರ ಎಷ್ಟೇ ಎತ್ತರ ಇರ್ಲಿ ತುದೀಲಿ ಸ್ಟಡ್ ಒಂದೇ ಸಲ ಬರುತ್ತೆ, ಅದನ್ನ ಒಂದ್ಸಲ ಹತ್ತಕ್ಕೆ ಹಂಚಿದ್ವಿ, ಒಂದ್ಸಲ ಐದಕ್ಕೆ ಹಂಚಿದ್ವಿ. ಹಾಗಾದ್ರೆ ದೊಡ್ಡ ಗೋಪುರದಿಂದ ಚಿಕ್ಕದನ್ನ ಕಳೀಬೇಕು, ಉಳಿಯೋದು 48, ಐದರಿಂದ ಭಾಗಿಸಿದ್ರೆ 9.6. ಲೆಗೊ ಇಟ್ಟಿಗೆಯ ನಿಜವಾದ ಎತ್ತರ ಅಷ್ಟೇ. ಪಿಯುಸಿ ಲ್ಯಾಬಲ್ಲಿ ಹೇಳ್ಕೊಡೋ ಅಳತೆ ದೋಷ ಅನ್ನೋ ಪಾಠ ಇದು, ನಿಮ್ಮ ಮಗ ನಾಲ್ಕನೇ ಕ್ಲಾಸಲ್ಲೇ ಮಾಡಿರ್ತಾನೆ.

ಇದು ಹಿಡಿಸಿದ್ರೆ ಮುಂದಕ್ಕೆ ಹೋಗಿ. ಒಂದು ಸ್ಟಡ್‌ನ ನಡುವಿಂದ ಪಕ್ಕದ ಸ್ಟಡ್‌ನ ನಡುವಿಗೆ 8 ಮಿ.ಮೀ. ತೆಳ್ಳಗಿರೋ ಪ್ಲೇಟ್ 3.2, ಹಾಗಾಗಿ ಮೂರು ಪ್ಲೇಟ್ ಸೇರಿದ್ರೆ ಒಂದು ಇಟ್ಟಿಗೆ. ಐದು ಪ್ಲೇಟ್ ಪೇರಿಸಿದ್ರೆ 16, ಅದು ಸರಿಯಾಗಿ ಎರಡು ಸ್ಟಡ್ ಅಗಲ. ಐದು ಇಟ್ಟಿಗೆ ಎತ್ತರ 48, ಆರು ಸ್ಟಡ್ ಅಗಲವೂ 48. ಲ.ಸಾ.ಅ. ಕಣ್ಣಿಗೆ ಕಾಣೋದು ಇಲ್ಲಿ. ಗೋಡೆ ಕಟ್ಟುವಾಗ ಇಟ್ಟಿಗೆಯನ್ನ ಅಡ್ಡಡ್ಡ ತಿರುಗಿಸಿ ಸೇರಿಸ್ಬೇಕು ಅಂದ್ರೆ ಈ ಲೆಕ್ಕ ಬೇಕೇ ಬೇಕು, ಅದಕ್ಕೇ ದೊಡ್ಡ ಮಾಡೆಲ್ ಸ್ವಂತವಾಗಿ ಕಟ್ಟೋರೆಲ್ಲ ಇದನ್ನ ಬಾಯಿಪಾಠ ಮಾಡ್ಕೊಂಡಿರ್ತಾರೆ.

ಪ್ರಶ್ನೆ: ಐದನೇ ಕ್ಲಾಸಿಗೆ ಭಿನ್ನರಾಶಿ ಮಾಡ್ತಿದೀನಿ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಅಂದ್ರೆ ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿಸಿ ಐದನೇ ಎರಡು ಅಂತ ಬರೀತಾರೆ. ಎಂಟು ಸ್ಟಡ್ ಇಟ್ಟಿಗೆ ತೋರಿಸಿ ಅರ್ಧ, ಕಾಲು ಹೇಳ್ಕೊಟ್ಟೆ, ಅದು ಬಂತು, ಇದು ಬರ್ತಾ ಇಲ್ಲ.
(ಸರ್ಕಾರಿ ಶಾಲೆ ಶಿಕ್ಷಕಿ, ಹಾವೇರಿ ಜಿಲ್ಲೆ)

ಉತ್ತರ: ಎಂಟರದ್ದು ಇಟ್ಕೊಂಡ್ರೆ ಅರ್ಧ, ಕಾಲು, ಅರೆಕಾಲಿಗೆ ಚೆನ್ನಾಗಿ ಹೊಂದುತ್ತೆ, ಮೂರನೇ ಒಂದು ಅಂದ ತಕ್ಷಣ ಕೈ ಕೊಡುತ್ತೆ, ಎಂಟನ್ನ ಮೂರು ಪಾಲು ಮಾಡಕ್ಕಾಗಲ್ವಲ್ಲ. 2×6 ಇಟ್ಟಿಗೆ, ಅಂದ್ರೆ ಹನ್ನೆರಡು ಸ್ಟಡ್ ಇರೋದನ್ನ ‘ಪೂರ್ತಿ ಒಂದು’ ಅಂತ ಇಟ್ಕೊಳ್ಳಿ. 2×3 ಇಟ್ಟಿಗೆ ಅರ್ಧ ಆಯ್ತು, 2×2 ಮೂರನೇ ಒಂದು, 1×2 ಆರನೇ ಒಂದು. ಈಗ ಅರ್ಧದ ಪಕ್ಕ ಮೂರನೇ ಒಂದನ್ನ ಕೂರಿಸಿ ಪೂರ್ತಿ ಇಟ್ಟಿಗೆಯ ಮೇಲಿಡಿ, ಹತ್ತು ಸ್ಟಡ್ ಮುಚ್ಚುತ್ತೆ, ಎರಡು ಖಾಲಿ ಉಳಿಯುತ್ತೆ. ಖಾಲಿ ಜಾಗಕ್ಕೆ 1×2 ಒಂದೇ ಒಂದು ಹಿಡಿಯುತ್ತೆ, ಅದು ಆರನೇ ಒಂದು, ಹಾಗಾಗಿ ಮುಚ್ಚಿರೋದು ಆರನೇ ಐದು.

ಇಷ್ಟು ಮಾಡಿ ನಿಲ್ಲಿಸ್ಬೇಡಿ ಮೇಡಂ. ಅವ್ರು ಬರ್ದಿದ್ದ ಐದನೇ ಎರಡು ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ಅಂತ ಕೇಳಿ. ಚಿಕ್ಕದು! ಅರ್ಧಕ್ಕೆ ಏನೋ ಕೂಡಿಸಿದ್ವಿ, ಅರ್ಧಕ್ಕಿಂತ ಕಮ್ಮಿ ಬಂತು ಅಂದ್ರೆ ಏನು ಕಥೆ? ಆ ನಗು ಬಂದ್ರೆ ಮುಗೀತು, ಛೇದ ಕೂಡಿಸೋ ಅಭ್ಯಾಸ ಅಲ್ಲೇ ಸಡಿಲ ಆಗುತ್ತೆ. ಇನ್ನೊಂದು, ಹನ್ನೆರಡೇ ಯಾಕೆ ತಗೊಂಡ್ವಿ ಅನ್ನೋದನ್ನ ಮಕ್ಕಳೇ ಹುಡುಕ್ಲಿ, ಮೊದಲೇ ಹೇಳ್ಬಿಟ್ರೆ ಇಟ್ಟಿಗೆ ಬರೀ ಅಲಂಕಾರ ಆಗುತ್ತೆ. ಆರೂ ಸಾಕಾಗುತ್ತೆ, 1×6 ತಗೊಂಡ್ರೂ ನಡೆಯುತ್ತೆ ಅಂತ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ.

ನಿಮ್ಮ ಶಾಲೆ ಬೀರು ಒಂದ್ಸಲ ತೆಗೆದು ನೋಡಿ. ಅಕ್ಷರ ಫೌಂಡೇಶನ್ ಮತ್ತು ಸರ್ಕಾರ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನದಲ್ಲಿ 4, 5ನೇ ತರಗತಿಗೆ ಅಂತ ಕಿಟ್ ಕೊಟ್ಟಿದಾರೆ, ಭಿನ್ನರಾಶಿ ಪಟ್ಟಿ, ಹತ್ತರ ಬ್ಲಾಕು ಎಲ್ಲಾ ಇರುತ್ತೆ ಅದ್ರಲ್ಲಿ. ಲೆಗೊ ಇಲ್ದಿದ್ರೂ ಈ ಪಾಠಕ್ಕೆ ಏನೂ ಕಮ್ಮಿ ಆಗಲ್ಲ.

ಪ್ರಶ್ನೆ: ಆರು ಇಟ್ಟಿಗೆಯನ್ನ 91 ಕೋಟಿ ಥರ ಜೋಡಿಸ್ಬಹುದು ಅಂತ ಓದಿದೆ. ಇದು ಜಾಹೀರಾತಿನ ಮಾತಾ, ನಿಜವಾ?
(ದ್ವಿತೀಯ ಪಿಯು ವಿದ್ಯಾರ್ಥಿ, ಪುತ್ತೂರು)

ಉತ್ತರ: ನಿಜ. ಮಜಾ ಏನಂದ್ರೆ ಕಂಪನಿ ಎಷ್ಟೋ ವರ್ಷ ಹೇಳ್ತಿದ್ದ ಲೆಕ್ಕ ಇದಕ್ಕಿಂತ ತುಂಬಾ ಕಮ್ಮಿ, 10,29,81,500. ಎಂಟು ಸ್ಟಡ್‌ನ ಒಂದೇ ಬಣ್ಣದ ಆರು ಇಟ್ಟಿಗೆಗೆ. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಅದನ್ನ ನೋಡಿ, ಇವ್ರು ಆರು ಅಂತಸ್ತಿನ ಗೋಪುರ ಮಾತ್ರ ಎಣಿಸಿದಾರೆ, ಒಂದೇ ಅಂತಸ್ತಲ್ಲಿ ಎರಡು ಇಟ್ಟಿಗೆ ಬರೋದನ್ನ ಬಿಟ್ಟೇಬಿಟ್ಟಿದಾರೆ ಅಂತ ಕಂಡ್ಕೊಂಡು ಕಂಪ್ಯೂಟರ್‌ಗೆ ಹಾಕಿ ಎಣಿಸಿದ್ರು. ಬಂದಿದ್ದು 91,51,03,765.

ಎರಡೇ ಇಟ್ಟಿಗೆದು ನೀವು ಕೈಯಲ್ಲೇ ಮಾಡ್ಬಹುದು, ಮಾಡಿ. ಕೆಳಗೊಂದು ಇಟ್ಟು ಮೇಲಿಂದನ್ನ ಅದೇ ದಿಕ್ಕಲ್ಲಿ ಇಟ್ರೆ ಉದ್ದಕ್ಕೆ 7 ಜಾಗ, ಅಡ್ಡಕ್ಕೆ 3 ಜಾಗ, ಒಟ್ಟು 21. ಅಡ್ಡ ತಿರುಗಿಸಿ ಇಟ್ರೆ 5×5, ಅಂದ್ರೆ 25. ಕೂಡಿದ್ರೆ 46. ಆದ್ರೆ ಮೇಜಿನ ಆ ಕಡೆ ಹೋಗಿ ನೋಡಿದ್ರೆ ಸುಮಾರು ಜೋಡಣೆ ಒಂದೇ ಆಗ್ಬಿಡುತ್ತೆ. ಅರ್ಧ ಸುತ್ತು ತಿರುಗಿಸಿದ್ರೂ ಇದ್ದಂಗೇ ಇರೋವು ಎರಡು ಮಾತ್ರ, ನೆಟ್ಟಗೆ ಒಂದರ ಮೇಲೊಂದು ಕೂತಿರೋದು, ಮತ್ತೆ ಸರಿಯಾಗಿ ನಡುವಲ್ಲಿ ಕೂಡಿಸೋ ಗುರುತಿನ ಥರ ಕೂತಿರೋದು. ಉಳಿದ 44 ಜೋಡಿ ಜೋಡಿಯಾಗಿ 22 ಆಗುತ್ತೆ, ಎರಡು ಸೇರಿಸಿ 24. ಕಂಪನಿಯ ಹಳೇ ಲೆಕ್ಕ ಬಂದಿದ್ದೂ ಇದೇ ದಾರೀಲೇ, 46ನ್ನ ಐದು ಸಲ ಗುಣಿಸಿ, 2ನ್ನ ಐದು ಸಲ ಗುಣಿಸಿ, ಎರಡನ್ನೂ ಕೂಡಿಸಿ ಅರ್ಧ ಮಾಡಿ ನೋಡಿ, 10,29,81,504 ಸಿಗುತ್ತೆ. ಕೊನೆಯ ನಾಲ್ಕನ್ನ ಯಾರೋ ಅಂದಾಜಿಗೆ ಬಿಟ್ಟಿದಾರೆ ಅಷ್ಟೆ. ಕ್ರಮಯೋಜನೆ, ವಿಕಲ್ಪ ಅಂತ ಸೂತ್ರ ಉರು ಹೊಡೆಯೋ ಬದಲು ಈ 24ನ್ನ ಒಂದ್ಸಲ ಕೈಯಾರೆ ಎಣಿಸಿ, ಎರಡ್ಸಲ ಎಣಿಸೋದು ಅಂದ್ರೇನು ಅಂತ ಬೆರಳಿಗೇ ಗೊತ್ತಾಗುತ್ತೆ.

ಪ್ರಶ್ನೆ: ಲೆಗೊದ ಟೆಕ್ನಿಕ್ ಸೆಟ್‌ನಲ್ಲಿ ಬರೋ ತೂತಿನ ಪಟ್ಟಿಗಳಲ್ಲಿ 3-4-5 ತ್ರಿಕೋನ ಮಾಡಿ ಮಗಳಿಗೆ ಪೈಥಾಗೊರಸ್ ತೋರಿಸೋಣ ಅಂತ ಹೊರಟೆ. ಲಂಬಕೋನ ಬರ್ಲೇ ಇಲ್ಲ, ಬಾಯಿ ಬಿಟ್ಕೊಂಡು ಕೂತಿದೆ. ಪಟ್ಟಿ ಡೂಪ್ಲಿಕೇಟ್ ಇರ್ಬಹುದಾ?
(ತಂದೆ, ಮೈಸೂರು)

ಉತ್ತರ: ಪಟ್ಟಿ ಸರಿ ಇದೆ ಸಾರ್. ನೀವು 3, 4, 5 ತೂತಿನ ಪಟ್ಟಿ ತಗೊಂಡಿರ್ತೀರ. ಪಿನ್ ಹಾಕೋದು ಮೊದಲನೇ ತೂತಿಗೂ ಕೊನೇ ತೂತಿಗೂ ಅಲ್ವಾ, ಆಗ ಬಾಹು ಅಂದ್ರೆ ತೂತುಗಳ ನಡುವಿನ ಗ್ಯಾಪು, ಐದು ತೂತಿಗೆ ನಾಲ್ಕೇ ಗ್ಯಾಪು. ನೀವು ಕಟ್ಟಿರೋದು 2-3-4 ತ್ರಿಕೋನ. ನಾಲ್ಕೂ ಒಂಬತ್ತೂ ಹದಿಮೂರು, ಹದಿನಾರಕ್ಕೆ ಸಾಲಲ್ಲ, ಅದಕ್ಕೇ ಕೋನ 104 ಡಿಗ್ರಿ ದಾಟಿ ಅಗಲ ಆಗಿದೆ. 4, 5, 6 ತೂತಿಂದು ತಗೊಳ್ಳಿ, ಟಕ್ ಅಂತ ಮೂಲೆಮಟ್ಟ ಕೂರುತ್ತೆ. ಆದ್ರೆ ಬಿಚ್ಚೋ ಮುಂಚೆ ಮಗಳಿಗೆ ಆ ಬಾಯಿ ಬಿಟ್ಟ ತ್ರಿಕೋನ ತೋರ್ಸಿ, ಇದು ಯಾಕೆ ಹೀಗಾಯ್ತು ಅಂತ ಕೇಳಿ, ಸರಿಯಾಗಿ ಕೂತಿರೋದಕ್ಕಿಂತ ಅದ್ರಲ್ಲೇ ಪಾಠ ಜಾಸ್ತಿ ಇದೆ. ಬೇಲಿಗೆ ಗೂಟ ಎಷ್ಟು, ಅಂಕಣ ಎಷ್ಟು ಅನ್ನೋ ಹಳೇ ಲೆಕ್ಕಾನೇ ಇದು.

ಪ್ರಶ್ನೆ: 1, 4, 9, 16 ಹೀಗೆ ವರ್ಗಗಳ ಮೊತ್ತದ ಸೂತ್ರಾನ ಇಟ್ಟಿಗೆಯಲ್ಲಿ ತೋರಿಸ್ಬಹುದಾ?
(ಪ್ರೌಢಶಾಲೆ ಗಣಿತ ಶಿಕ್ಷಕ, ಸಾಗರ)

ಉತ್ತರ: ಬೆಸ ಸಂಖ್ಯೆಗಳ ಮೊತ್ತ ಆದ್ರೆ ಆರಾಮಾಗಿ ತೋರಿಸ್ಬಹುದು, ಒಂದು ಇಟ್ಟು ಅದರ ಸುತ್ತ ಮೂರನ್ನ ಮೂಲೆ ಆಕಾರದಲ್ಲಿ, ಆಮೇಲೆ ಐದು, ಏಳು, ಪ್ರತಿ ಸಲವೂ ಚೌಕ ಬೆಳೀತಾ ಹೋಗುತ್ತೆ, ಅದು ಚಪ್ಪಟೆ ಲೆಕ್ಕ. ವರ್ಗಗಳ ಮೊತ್ತ ಲೆಗೊದಲ್ಲಿ ಬೇಡ. ಅದಕ್ಕೊಂದು ಅದ್ಭುತ ಜೋಡಣೆ ಇದೆ, 15-16ನೇ ಶತಮಾನದ ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಘನಾಕೃತಿ ತುಂಡುಗಳನ್ನ ಜೋಡಿಸಿಯೇ ಇದನ್ನ ಸಾಧಿಸ್ತಾರೆ, ಒಂದೇ ಥರದ ಆರು ಮೆಟ್ಟಿಲು ರಾಶಿಗಳು ಸೇರಿ ಒಂದು ಪೂರ್ತಿ ಪೆಟ್ಟಿಗೆ ಆಗುತ್ತೆ. ಮೂರು ಅಂತಸ್ತಿಗೆ ಹೇಳೋದಾದ್ರೆ 1+4+9, ಒಟ್ಟು 14, ಅಂಥವು ಆರು ಅಂದ್ರೆ 84, ಪೆಟ್ಟಿಗೆ 3×4×7. ಆದ್ರೆ ರಾಶಿಗಳನ್ನ ಒಂದನ್ನ ಮಲಗಿಸಿ ಒಂದನ್ನ ನಿಲ್ಲಿಸಿ ಸೇರಿಸ್ಬೇಕು, ಲೆಗೊ ಇಟ್ಟಿಗೆ 8 ಅಗಲಕ್ಕೆ 9.6 ಎತ್ತರ, ಘನ ಅಲ್ಲ, ಮಲಗಿಸಿದ್ರೆ ಸಂದು ಬಿಡುತ್ತೆ, ಜೊತೆಗೆ ಸ್ಟಡ್ ಬೇರೆ ಅಡ್ಡ ಬರುತ್ತೆ. ಎರಡು ಸ್ಟಡ್ ಅಗಲದ ಪ್ಲೇಟ್ ಐದು ಪೇರಿಸಿ ಘನ ಮಾಡ್ಕೊಬಹುದು ಅಂತ ಹೊರಟ್ರೆ ಆಗ್ಲೂ ಸ್ಟಡ್ ಕಾಟ ತಪ್ಪಲ್ಲ. ಮರದ ಘನಗಳೇ ಬೇಕು. ಚನ್ನಪಟ್ಟಣದಲ್ಲಿ ಹೇಳಿ ಮಾಡಿಸ್ಬಹುದು, ಒಂದೇ ಅಳತೆ ಇರ್ಲಿ ಅಂತ ಒತ್ತಿ ಹೇಳಿ, ಮೂಲೆ ಉರುಟು ಮಾಡೋದು ಬೇಡ ಅಂತಲೂ ಹೇಳಿ.

ಪ್ರಶ್ನೆ: ಟೆಕ್ನಿಕ್ ಇಟ್ಟಿಗೆಯ ಉದ್ದ ತೊಲೆ ಇಟ್ಟು ಸನ್ನೆ ಮಾಡಿದ್ವಿ. ಮಧ್ಯದ ತೂತಿಗೆ ಕಡ್ಡಿ ಹಾಕಿ ಎರಡೂ ಕಡೆ ಸಮ ದೂರಕ್ಕೆ ಸಮ ಇಟ್ಟಿಗೆ ಇಟ್ರೂ ಒಂದು ಕಡೆಗೆ ವಾಲಿ ಬೀಳುತ್ತೆ. ಮಕ್ಕಳ ಮುಂದೆ ಮರ್ಯಾದೆ ಹೋಯ್ತು.
(ವಿಜ್ಞಾನ ಶಿಕ್ಷಕ, ಸಿಂಧನೂರು)

ಉತ್ತರ: ಮರ್ಯಾದೆ ಎಲ್ಲೂ ಹೋಗಿಲ್ಲ, ಸನ್ನೆ ಪಾಠದ ಜೊತೆ ಇನ್ನೊಂದು ಪಾಠ ಬಿಟ್ಟಿಯಾಗಿ ಸಿಕ್ಕಿದೆ. ಇಟ್ಟಿಗೆಗಳನ್ನ ತೊಲೆಯ ಮೇಲಿಟ್ಟಿದೀರಿ, ಹಾಗಾಗಿ ಒಟ್ಟು ಗುರುತ್ವ ಕೇಂದ್ರ ಕಡ್ಡಿಗಿಂತ ಮೇಲೆ ಹೋಗಿದೆ. ಕೂದಲೆಳೆಯಷ್ಟು ಈ ಕಡೆ ಸರಿದ್ರೂ ಅದು ವಾಪಸ್ ಬರೋ ಬದಲು ಇನ್ನೂ ಆ ಕಡೆಗೇ ಎಳೆಯುತ್ತೆ. ಅದೇ ಇಟ್ಟಿಗೆಗಳನ್ನ ತೊಲೆಯ ಕೆಳಗೆ ಅಂಟಿಸಿ, ಕೇಂದ್ರ ಕಡ್ಡಿಯ ಕೆಳಗೆ ಇಳಿಯುತ್ತೆ, ತೊಲೆ ತೂಗಾಡಿ ತೂಗಾಡಿ ನೆಟ್ಟಗೆ ನಿಲ್ಲುತ್ತೆ.

ಅಳತೆ ಬಗ್ಗೆ ಒಂದು ಮಾತು. 16 ಸ್ಟಡ್ ತೊಲೆಯಲ್ಲಿ ತೂತು ಇರೋದು 15, ಪ್ರತಿ ತೂತೂ ಎರಡು ಸ್ಟಡ್ ನಡುವೆ ಬರುತ್ತೆ, ಅದಕ್ಕೇ ಮಧ್ಯದ ತೂತಿಂದ ಸ್ಟಡ್‌ಗಳನ್ನ ಎಣಿಸಿದ್ರೆ ಅರ್ಧ, ಒಂದೂವರೆ, ಎರಡೂವರೆ ಅಂತ ಬಂದು ಮಕ್ಕಳ ಲೆಕ್ಕ ಕೆಡುತ್ತೆ. 1×2 ಇಟ್ಟಿಗೆಯನ್ನೇ ತೂಕವಾಗಿ ಬಳಸಿ, ಅದು ಎರಡು ಸ್ಟಡ್ ಹಿಡಿಯುತ್ತೆ, ಅದರ ನಡು ಸರಿಯಾಗಿ ತೂತಿನ ನೇರಕ್ಕೆ ಬರುತ್ತೆ. ಮಧ್ಯದ ತೂತಿಂದ ಎಣಿಸ್ಕೊಂಡು ಈ ಕಡೆ ಆರನೇ ತೂತಿಗೆ ಎರಡು, ಆ ಕಡೆ ನಾಲ್ಕನೇ ತೂತಿಗೆ ಮೂರು. ಹನ್ನೆರಡಕ್ಕೆ ಹನ್ನೆರಡು, ನಿಲ್ಲುತ್ತೆ.

ಇನ್ನೊಂದು, ಇಟ್ಟಿಗೆ ಒಂದಕ್ಕಿಂತ ಒಂದು ಮುಂದೆ ಚಾಚಿ ಪೇರಿಸಿ ಎಲ್ಲಿ ಬೀಳುತ್ತೆ ನೋಡೋ ಪ್ರಯೋಗ ಲೆಗೊದಲ್ಲಿ ಮಾಡ್ಬೇಡಿ. ಅದು ಕಚ್ಕೊಂಡು ಕೂರುತ್ತೆ, ಬೀಳಬೇಕಾದ್ದು ಬೀಳಲ್ಲ, ಮಕ್ಕಳು ತಪ್ಪು ತೀರ್ಮಾನಕ್ಕೆ ಬರ್ತಾರೆ. ಒಂದೇ ಅಳತೆಯ ನಾಲ್ಕು ನೋಟ್‌ಬುಕ್ ಸಾಕು, ಮೇಲಿಂದ ಅರ್ಧ, ಕಾಲು, ಆರನೇ ಒಂದು, ಎಂಟನೇ ಒಂದು ಉದ್ದ ಚಾಚಿದ್ರೆ ಮೇಲಿನ ಪುಸ್ತಕ ಪೂರ್ತಿ ಮೇಜಿನ ಹೊರಗೆ ಬರುತ್ತೆ, ಕೂಡಿಸಿ ನೋಡಿ, 24ನೇ 25. ಲೆಕ್ಕದ ಅಂಚಿಗೇ ತಗೊಂಡ್ ಹೋಗ್ಬೇಡಿ, ಒಂಚೂರು ಕಮ್ಮಿ ಇಡಿ.

ಪ್ರಶ್ನೆ: ಗಿಯರ್ ಹೇಳ್ಕೊಡುವಾಗ 8 ಹಲ್ಲಿಂದೂ 16 ಹಲ್ಲಿಂದೂ ಒಂದೇ ಸಾಲಿನ ತೂತಲ್ಲಿ ಕಚ್ಚಲ್ಲ, 8 ಮತ್ತು 24 ಕಚ್ಚುತ್ತೆ. ಯಾಕೆ?
(ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ಶಭಾಷ್, ಇದನ್ನ ಗಮನಿಸಿದ್ಯಲ್ಲ. ಈ ಗಿಯರ್‌ಗಳಲ್ಲಿ ಹಲ್ಲಿನ ಸಂಖ್ಯೆಯ ಅರ್ಧವೇ ಮಿ.ಮೀ. ಲೆಕ್ಕದಲ್ಲಿ ತ್ರಿಜ್ಯ. 8ರದ್ದು 4, 24ರದ್ದು 12, ಎರಡೂ ಸೇರಿ 16, ಅಂದ್ರೆ ಸರಿಯಾಗಿ ಎರಡು ತೂತು ದೂರ. 8 ಮತ್ತು 16 ಸೇರಿದ್ರೆ 12 ಮಿ.ಮೀ., ಒಂದೂವರೆ ತೂತು, ಅಲ್ಲಿ ತೂತೇ ಇಲ್ವಲ್ಲ. 8 ಮತ್ತು 40 ಎಷ್ಟು ದೂರಕ್ಕೆ ಕೂರುತ್ತೆ ನೀನೇ ಹೇಳು. ಆಮೇಲೆ 8ರದ್ದನ್ನ ಕೈಯಲ್ಲಿ ತಿರುಗಿಸಿ 24ರದ್ದನ್ನ ಬೆರಳಲ್ಲಿ ಒತ್ತಿ ಹಿಡಿ, ಮೂರು ಸುತ್ತಿಗೆ ಒಂದು ಸುತ್ತು, ಆದ್ರೆ ಬೆರಳಿಗೆ ಎಷ್ಟು ಜೋರು ತಾಕುತ್ತೆ ನೋಡು. ಈಗ ಉಲ್ಟಾ ಮಾಡು.

ಪ್ರಶ್ನೆ: ನಾವೆಲ್ಲ ಹುಣಸೆ ಬೀಜ ಇಟ್ಕೊಂಡೇ ಮಗ್ಗಿ ಕಲಿತ್ವಿ. ಇಷ್ಟು ದುಡ್ಡು ಕೊಟ್ಟು ಪ್ಲಾಸ್ಟಿಕ್ ತರ್ಬೇಕಾ?
(ನಿವೃತ್ತ ಉಪಾಧ್ಯಾಯರು, ಕೋಲಾರ)

ಉತ್ತರ: ಎಣಿಸೋಕೆ ಹುಣಸೆ ಬೀಜಾನೇ ವಾಸಿ ಸಾರ್, ಅದರ ಬಗ್ಗೆ ಜಗಳವೇ ಇಲ್ಲ. ಎಣಿಕೆಗೆ, ಭಿನ್ನರಾಶಿಗೆ ಲೋಕಲ್ ಬ್ಲಾಕ್ಸ್ ಆದ್ರೂ ನಡೆಯುತ್ತೆ. ಎಲ್ಲಾ ಇಟ್ಟಿಗೆ ಒಂದೇ ಅಳತೆ ಇರ್ಲೇಬೇಕು ಅನ್ನೋ ಜಾಗದಲ್ಲಿ ಮಾತ್ರ, ಮೇಲೆ ಹೇಳಿದ ಗೋಪುರ ಅಳೆಯೋದು, ಗಿಯರು, ಇಂಥದ್ರಲ್ಲಿ ಒಳ್ಳೇದು ಬೇಕಾಗುತ್ತೆ. ಆ ಅಳತೆಯ ಕರಾರುವಾಕ್ಕು ನಂಬ್ಕೊಂಡು ದೊಡ್ಡ ದೊಡ್ಡ ಲ್ಯಾಬಿನೋರೇ ಆಟ ಆಡಿದಾರೆ. 2019ರ ಮೇ 20ರಿಂದ ಕಿಲೋಗ್ರಾಂ ಅಂದ್ರೆ ಪ್ಯಾರಿಸ್ ಹತ್ರ ಇಟ್ಟಿರೋ ಲೋಹದ ಸಿಲಿಂಡರ್ ಅಲ್ಲ, ಪ್ಲಾಂಕ್ ಸ್ಥಿರಾಂಕ ಅನ್ನೋ ಭೌತಶಾಸ್ತ್ರದ ಬದಲಾಗದ ಸಂಖ್ಯೆಯಿಂದ ಅದನ್ನ ಲೆಕ್ಕ ಹಾಕ್ತಾರೆ, ಅದಕ್ಕೆ ಕಿಬಲ್ ಬ್ಯಾಲೆನ್ಸ್ (ಮುಂಚೆ ವ್ಯಾಟ್ ಬ್ಯಾಲೆನ್ಸ್ ಅಂತಿದ್ರು) ಅನ್ನೋ ಭಾರೀ ತಕ್ಕಡಿ ಬಳಸ್ತಾರೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ವಿಜ್ಞಾನಿಗಳು 2015ರಲ್ಲಿ ಅದೇ ತತ್ವದ ತಕ್ಕಡಿಯನ್ನ ಲೆಗೊದಲ್ಲಿ ಕಟ್ಟಿ, ಅದನ್ನ ಹೇಗೆ ಕಟ್ಟೋದು ಅಂತ ಪ್ರಬಂಧವನ್ನೂ ಬರೆದ್ರು, ಸುಮಾರು ಶೇ. 1ರ ನಿಖರತೆ ಬಂತು.

2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಎಂಜಿನಿಯರ್‌ಗಳು 2×2 ಇಟ್ಟಿಗೆ ಒಂದನ್ನ ಯಂತ್ರದಲ್ಲಿ ಒತ್ತಿ ನೋಡಿದ್ರು, ಸರಾಸರಿ 4,240 ನ್ಯೂಟನ್ ಅಂದ್ರೆ 432 ಕೆಜಿ ಭಾರದವರೆಗೂ ತಡೀತು. ಒಂದು ಇಟ್ಟಿಗೆ 1.152 ಗ್ರಾಂ, ಭಾಗಿಸಿದ್ರೆ 3,75,000 ಇಟ್ಟಿಗೆ, ಗೋಪುರದ ಎತ್ತರ ಮೂರೂವರೆ ಕಿ.ಮೀ.ಗೆ ಮೇಲೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್! ನಿಜವಾಗಿ ಕಟ್ಟಿದ್ರೆ ಅದಕ್ಕೆ ಮುಂಚೆನೇ ಬಳುಕಿ ಬೀಳುತ್ತೆ ಅನ್ನೋದು ಬೇರೆ ಮಾತು. ಮೊಮ್ಮಕ್ಕಳಿಗೆ ಈ ಭಾಗಾಕಾರ ಕೊಟ್ಟು ನೋಡಿ, ಇಟ್ಟಿಗೆ ಕೊಳ್ಳೋದೂ ಬೇಡ.

ಪ್ರಶ್ನೆ: ಎರಡು ವರ್ಷದ ಮಗುಗೆ ಈಗ್ಲೇ ಕೊಡಬಹುದಾ?
(ಶಿರಸಿ)

ಉತ್ತರ: ಚಿಕ್ಕ ಇಟ್ಟಿಗೆ ಬೇಡ, ಬಾಯಿಗೆ ಹಾಕ್ಕೊಂಡ್ರೆ ಗಂಟಲಲ್ಲಿ ಸಿಕ್ಕಾಕೊಳುತ್ತೆ. ಡುಪ್ಲೊ ಅಂತ ದೊಡ್ಡದು ಬರುತ್ತೆ, ಅದು ಕೊಡಿ. ಇಟ್ಕೊಂಡಿರಿ, ಬಿಸಾಕ್ಬೇಡಿ, ಮಗು ಏಳನೇ ಕ್ಲಾಸಿಗೆ ಬಂದಾಗ ಮತ್ತೆ ಕೆಲಸಕ್ಕೆ ಬರುತ್ತೆ, ಯಾಕಂದ್ರೆ ಡುಪ್ಲೊ ಉದ್ದ, ಅಗಲ, ಎತ್ತರ ಮೂರೂ ಸರಿಯಾಗಿ ಎರಡು ಪಟ್ಟು. ಒಂದು ಡುಪ್ಲೊ ಜಾಗಕ್ಕೆ ಚಿಕ್ಕವು ಎಷ್ಟು ಹಿಡಿಯುತ್ತೆ ಅಂದ್ರೆ ದೊಡ್ಡೋರೂ ನಾಲ್ಕು ಅಂತಾರೆ, ಜೋಡಿಸಿ ನೋಡಿದ್ರೆ ಎಂಟು.

ಪ್ರಶ್ನೆ: ಲೆಗೊ ಇಟ್ಟಿಗೆ ನೀರಲ್ಲಿ ತೇಲುತ್ತೋ ಮುಳುಗುತ್ತೋ? ಮನೇಲಿ ಒಂದ್ಸಲ ತೇಲ್ತು, ಒಂದ್ಸಲ ಮುಳುಗ್ತು, ಇಬ್ರು ಮಕ್ಕಳ ಮಧ್ಯೆ ಯುದ್ಧ.
(ಗೃಹಿಣಿ, ಉಡುಪಿ)

ಉತ್ತರ: ಇಬ್ರೂ ಸರಿ. ಲೆಗೊ ಇಟ್ಟಿಗೆಯನ್ನ 1963ರಿಂದ ಎಬಿಎಸ್ ಅನ್ನೋ ಪ್ಲಾಸ್ಟಿಕ್ಕಲ್ಲಿ ಮಾಡ್ತಾರೆ, ಅದರ ಸಾಂದ್ರತೆ ನೀರಿಗಿಂತ ಒಂಚೂರೇ ಜಾಸ್ತಿ, 1.05ರ ಹತ್ರ, ಹಾಗಾಗಿ ಮುಳುಗ್ಬೇಕು. ಆದ್ರೆ ಟೊಳ್ಳು ಭಾಗ ಕೆಳಗಾಗೋ ಹಾಗೆ ಬೋರಲು ಹಾಕಿದ್ರೆ ಹೊಟ್ಟೇಲಿ ಗಾಳಿ ಸಿಕ್ಕಾಕೊಂಡು ತೇಲುತ್ತೆ. ನೀರೊಳಗೆ ಹಿಡಿದು ಅಂಗಾತ ತಿರುಗಿಸಿ, ಬೆರಳಿಂದ ತಟ್ಟಿ ಗುಳ್ಳೆ ಎಲ್ಲಾ ಹೊರಗೆ ಬಿಡಿ, ಸೀದಾ ತಳಕ್ಕೆ ಹೋಗುತ್ತೆ. ಈಗ ಅದೇ ನೀರಿಗೆ ಉಪ್ಪು ಹಾಕ್ತಾ ಕಲಸ್ತಾ ಹೋಗಿ, ಒಂದು ಲೀಟರ್‌ಗೆ 70-80 ಗ್ರಾಂ ಆಗೋ ಹೊತ್ತಿಗೆ ತಳ ಬಿಟ್ಟು ಮೆಲ್ಲಗೆ ಮೇಲೆ ಬರಕ್ಕೆ ಶುರು ಮಾಡುತ್ತೆ. ಉಪ್ಪನ್ನ ಚಮಚ ಲೆಕ್ಕದಲ್ಲಿ ಒಬ್ರು ಬರ್ಕೊಳ್ಲಿ, ಇನ್ನೊಬ್ರು ಕಲಸ್ಲಿ, ಯುದ್ಧ ನಿಲ್ಲುತ್ತೆ. ಆಮೇಲೆ ಇಟ್ಟಿಗೆಯನ್ನ ಒಳ್ಳೇ ನೀರಲ್ಲಿ ತೊಳೆದು ಒರೆಸಿ ಇಡಿ, ಉಪ್ಪು ಒಣಗಿದ್ರೆ ಸಂದಿಯಲ್ಲಿ ಕೂತು ಮುಂದಿನ ಸಲ ಬಿಗಿ ಹಿಡಿಯುತ್ತೆ.